ಮೂರು ಕಾಲಿನ ಕೋಳಿಯ ಬ್ಯಾಟರಿ

ಆಗತಾನೆ ಒರೆಸಿದ ನೆಲದ ಮೇಲೆ ಮೂರು ಜನ ಬೂಟುಗಾಲಿನಲ್ಲಿ ಬಂದು ನಿಂತಿದ್ದರು. ಸೀಲಿಂಗಕ್ಕನಿಗೆ ಮೊದಲು ಸಿಟ್ಟು ಬಂದದ್ದು ಅದಕ್ಕೇ. ಭಾನುವಾರ ಬೆಳಿಗ್ಗೆ ಯಾಕೆ ಬಂದಿದ್ದಾರೆ ಅನ್ನುವುದು ಆಮೇಲೆ ಗೊತ್ತಾಯಿತು. ಗೊತ್ತಾದ ಮೇಲೆ ನೆಲದ ವಿಷಯ ಮರೆತೇ ಹೋಯಿತು.

ಆ ಹೆಸರು ಅವಳಿಗೆ ಕೆಲಸದಿಂದ ಬಂದದ್ದು. ಹೊಸ ಕಟ್ಟಡಗಳ ಛಾವಣಿಗೆ ಕಂಬಿ ಬಿಗಿದು, ಬಿಳಿ ಹಲಗೆ ಕೂರಿಸಿ, ವೈರು ಪೈಪು ಎಲ್ಲವನ್ನೂ ಮುಚ್ಚಿ ಅಂದ ಮಾಡುವ ಕೆಲಸ. ದಿನವಿಡೀ ಕತ್ತೆತ್ತಿ, ಡ್ರಿಲ್ಲು ಮೇಲೆತ್ತಿ, ಕಣ್ಣಿಗೆ ಬೀಳುವ ಧೂಳು ಕೊಡವುತ್ತಾ ನಿಲ್ಲುವವಳು. ಸೈಟಿನಲ್ಲಿ ಎಲ್ಲರಿಗೂ ಅವಳು ಸೀಲಿಂಗಕ್ಕ. ವಯಸ್ಸಿನಲ್ಲಿ ಎಷ್ಟೋ ದೊಡ್ಡವನಾದ ಬಡಗಿ ಮಾತ್ರ 'ತಂಗಿ' ಅನ್ನುತ್ತಿದ್ದ, ಅದೂ ಬ್ಯಾಟರಿ ಬೇಕಾದಾಗ.

ಆ ಬಡಗಿಯೇ ಈಗ ಮೊಬೈಲನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಮುಂದೆ ನಿಂತಿದ್ದ. ಪಕ್ಕದಲ್ಲಿ ಸೈಟಿನ ಸೂಪರ್‌ವೈಸರ್. ಹಿಂದೆ, ಬಾಗಿಲಿಗೆ ಒರಗಿ, ಬರಬಾರದಿತ್ತು ಅನ್ನುವ ಮುಖ ಮಾಡಿಕೊಂಡು ಟೈಲ್ಸ್ ಮೇಸ್ತ್ರಿ.

"ಇಲ್ಲೇ ತೋರಿಸ್ತಾ ಇದೆ ನೋಡಿ," ಅಂದ ಬಡಗಿ. ಹೇಳಿದ್ದು ಅವಳಿಗಲ್ಲ, ಸೂಪರ್‌ವೈಸರಿಗೆ.

"ಏನಣ್ಣ ತೋರಿಸ್ತಾ ಇದೆ?"

"ನಿನ್ನೆ ಸಂಜೆ ನನ್ನ ವ್ಯಾನಿನ ಬೀಗ ಒಡೆದು ಮಿಷನ್ನೆಲ್ಲ ಹೊಡ್ಕೊಂಡು ಹೋಗಿದಾರೆ. ಡ್ರಿಲ್ಲು, ಗರಗಸದ ಮಿಷನ್ನು, ಉಜ್ಜೋ ಮಿಷನ್ನು, ಒಂದೂ ಬಿಟ್ಟಿಲ್ಲ. ಆದರೆ ಕಳ್ಳರಿಗೆ ಗೊತ್ತಿಲ್ಲ, ನಾನು ಒಳಗೆ ಟ್ರ್ಯಾಕರ್ ಇಟ್ಟಿದೀನಿ ಅಂತ."

"ಅಯ್ಯೋ ದೇವರೇ! ಆಮೇಲೆ? ಸಿಕ್ತಾ?" ಅವಳು ಕೇಳಿದ್ದು ನಿಜವಾದ ಕಳಕಳಿಯಿಂದಲೇ. ಮಿಷನ್ನು ಹೋಯಿತೆಂದರೆ ಕೈ ಹೋದಂತೆ ಅಂತ ಕೈಕೆಲಸದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

"ಸಿಕ್ತು. ನಿಮ್ಮನೇಲಿ," ಅಂದು ಬಡಗಿ ಮೊಬೈಲನ್ನು ಒತ್ತಿದ.

ಅಡುಗೆಮನೆಯಿಂದ ಕೀಂ ಕೀಂ ಕೀಂ ಅಂತ ಸದ್ದು ಬಂತು. ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದ ಅತ್ತೆಯ ಕೈ ಅಲ್ಲೇ ನಿಂತಿತು.

ಬಡಗಿ ಯಾರನ್ನೂ ಕೇಳದೆ ಒಳಗೆ ನುಗ್ಗಿದ. ಒಲೆಯ ಪಕ್ಕದ ಕಟ್ಟೆಯ ಮೇಲೆ ಚಾರ್ಜರಿನಲ್ಲಿ ಕೂತಿದ್ದ ಬ್ಯಾಟರಿಯನ್ನು ಕಿತ್ತು ತಂದು, ಪಂದ್ಯ ಗೆದ್ದವನ ಹಾಗೆ ತಲೆಯ ಮೇಲೆ ಎತ್ತಿ ಹಿಡಿದ. "ಇದು ನಂದು! ನೋಡಿ ಸಾರ್, ಇದು ನಂದು!" ಸದ್ದು ಅದರ ಹೊಟ್ಟೆಯಿಂದಲೇ ಬರುತ್ತಿತ್ತು.

"ನಿಮ್ಮದೇ ಅಣ್ಣ. ಇಲ್ಲ ಅಂದೋರ್ಯಾರು? ನಿನ್ನೆ ನೀವೇ ಕೊಟ್ಟಿದ್ದಲ್ವಾ?"

"ನಾನ್ಯಾಕೆ ಕೊಡ್ಲಿ? ಉಳಿದಿದ್ದು ಎಲ್ಲಿ, ಅದನ್ನ ಹೇಳು."

ಸೂಪರ್‌ವೈಸರ್ ಕೆಮ್ಮಿದ. "ಅಕ್ಕ, ಬೇಜಾರ್ ಮಾಡ್ಕೋಬೇಡಿ. ಹೆಂಗೂ ಬಂದಿದೀವಿ, ಒಂದ್ಸಲ ನೋಡ್ಬಿಟ್ಟು ಹೋಗ್ತೀವಿ."

ಬೇಜಾರು ಮಾಡಿಕೊಳ್ಳಬೇಡಿ ಅನ್ನುವ ಈ ಮಾತನ್ನು ಯಾರು ಕಂಡುಹಿಡಿದರೋ! ಇನ್ನೊಬ್ಬರ ಮನೆಯ ಮಂಚದ ಕೆಳಗೆ ಬಗ್ಗಿ ನೋಡುವಾಗ, ನೀರಿನ ಡ್ರಮ್ಮಿನ ಮುಚ್ಚಳ ಎತ್ತುವಾಗ, ಒಗೆಯಲು ಹಾಕಿದ ಬಟ್ಟೆಯ ರಾಶಿಯನ್ನು ಬೂಟಿನ ತುದಿಯಲ್ಲಿ ಸರಿಸುವಾಗ, ಈ ಒಂದು ಮಾತು ಹೇಳಿಬಿಟ್ಟರೆ ಎಲ್ಲ ತೊಳೆದುಹೋಯಿತು ಅಂತ ಅವರ ಲೆಕ್ಕ. ಲಾರಿ ಓಡಿಸುವ ಗಂಡ ದೂರದೂರಿಗೆ ಹೋಗಿದ್ದ. ಅವನಿದ್ದಿದ್ದರೆ ಬೂಟು ಹೊಸಲು ದಾಟುತ್ತಿತ್ತೇ ಅನ್ನುವ ಯೋಚನೆ ಬಂದು ಅವಳಿಗೆ ಇನ್ನಷ್ಟು ಉರಿಯಿತು. ಗಂಡ ಇದ್ದರೆ ಒಂದು ನ್ಯಾಯ, ಇಲ್ಲದಿದ್ದರೆ ಇನ್ನೊಂದು. ಕಿಟಕಿಯಲ್ಲಿ ಆಗಲೇ ಪಕ್ಕದ ಮನೆಯವರ ತಲೆಗಳು ಕಾಣಿಸಿಕೊಂಡಿದ್ದವು.

ನಡೆದದ್ದು ಇಷ್ಟೇ. ಆ ಸೈಟಿನಲ್ಲಿ ಎಲ್ಲರದೂ ಒಂದೇ ಕಂಪನಿಯ ಮಿಷನ್ನು, ಒಂದೇ ಬಣ್ಣ, ಒಬ್ಬರ ಬ್ಯಾಟರಿ ಇನ್ನೊಬ್ಬರದಕ್ಕೆ ಕೂರುತ್ತದೆ. ಹಾಗಾಗಿ ಮಿಷನ್ನು ಯಾರದು ಅಂದರೆ ಜಗಳ ಆಗಬಹುದು, ಬ್ಯಾಟರಿ ಯಾರದು ಅಂತ ಕೇಳುವವರೇ ಇರಲಿಲ್ಲ. ಖಾಲಿಯಾದವನು ತುಂಬಿದ್ದನ್ನು ಎತ್ತಿಕೊಳ್ಳುತ್ತಾನೆ, ತನ್ನದನ್ನು ಇಟ್ಟು ಹೋಗುತ್ತಾನೆ. ಸಂಜೆ ಎಲ್ಲರ ಮಿಷನ್ನೂ ಬ್ಯಾಟರಿಯೂ ಮೆಟ್ಟಿಲ ಕೆಳಗಿನ ಕೋಣೆಗೆ ಹೋಗುತ್ತವೆ. ಅದರ ಬೀಗದ ಕೈ ಸೀಲಿಂಗಕ್ಕನ ಸೊಂಟದಲ್ಲಿ. ಅದನ್ನು ಅವಳಿಗೆ ಯಾರೂ ಮೆರವಣಿಗೆ ಮಾಡಿ ಕೊಟ್ಟಿರಲಿಲ್ಲ. ಅವಳ ಹತ್ತಿರ ಇದ್ದರೆ ಒಂದು ಮೊಳೆಯೂ ಹೋಗುವುದಿಲ್ಲ ಅನ್ನುವ ಧೈರ್ಯ ತಾನಾಗಿಯೇ ಬಂದಿತ್ತು. ಶನಿವಾರ ಮಧ್ಯಾಹ್ನ ಬಡಗಿ ಬಂದು, "ತಂಗಿ, ಬೇರೆ ಕಡೆ ಒಂದು ಬಾಗಿಲು ಕೂರಿಸೋದಿದೆ, ಇದು ಸತ್ತುಹೋಯ್ತು, ನಿಂದು ಕೊಟ್ಟಿರು," ಅಂದಿದ್ದ. ಅವಳು ತನ್ನ ತುಂಬಿದ ಬ್ಯಾಟರಿ ಕೊಟ್ಟು, ಅವನ ಸತ್ತದ್ದನ್ನು ಮನೆಗೆ ತಂದು ಚಾರ್ಜಿಗೆ ಹಾಕಿದ್ದಳು. ಸೋಮವಾರ ಅವನಿಗೇ ಕೊಡಲು.

"ನನ್ನ ಬ್ಯಾಟರಿ ನಿಮ್ಮ ಹತ್ರ ಇದೆ. ತಳದಲ್ಲಿ ಕೋಳಿ ಚಿತ್ರ ಇರೋದು," ಅಂದಳು.

ಕೋಳಿಯ ಮಾತು ಬಂದದ್ದೇ ಬಾಗಿಲ ಹತ್ತಿರದ ಮೇಸ್ತ್ರಿಗೆ ನಾಲಗೆ ಬಂತು. "ಹೌದಣ್ಣ, ನೀನೇ ತಗೊಂಡೆ. ನಾನೂ ಅಲ್ಲೇ ಇದ್ದೆ. ಕೋಳಿ ಮೊಟ್ಟೆ ಇಡುತ್ತಾ ಅಂತ ತಮಾಷೆ ಬೇರೆ ಮಾಡಿದೆ."

ಸೂಪರ್‌ವೈಸರ್ ಬಡಗಿಯ ಕಡೆ ತಿರುಗಿದ. "ಅಲ್ಲಯ್ಯಾ, ಟ್ರ್ಯಾಕರ್ ಇಟ್ಟಿದ್ದು ಮಿಷನ್ನಿಗೋ ಬ್ಯಾಟರಿಗೋ?"

"ಬ್ಯಾಟರಿಗೆ. ಅದರ ತಳದಲ್ಲಿ ಜಾಗ ಇತ್ತು. ಬ್ಯಾಟರಿ ಇಲ್ದೆ ಮಿಷನ್ ಏನಕ್ಕೆ ಬರುತ್ತೆ, ಕಳ್ಳ ಅದನ್ನ ಬಿಟ್ಟು ಹೋಗ್ತಾನಾ ಅಂತ..."

ದಿನಕ್ಕೆ ಹತ್ತು ಕೈ ಸುತ್ತುವ ವಸ್ತುವಿನೊಳಗೆ ಕಾವಲುಗಾರನನ್ನು ಕೂರಿಸಿ, ಯಾರಿಗೂ ಹೇಳದೆ ಬೀಗುತ್ತಿದ್ದ ಈ ಮಹಾನುಭಾವನನ್ನು ಏನನ್ನಬೇಕು? ಅವಳು ಅನ್ನಲಿಲ್ಲ. ಅವನು ತಪ್ಪಾಯಿತು ಅನ್ನುತ್ತಾನೆಂದು ಕಾದಳು. ಬಡಗಿ ಬ್ಯಾಟರಿಯನ್ನು ಜೇಬಿಗೆ ತುರುಕಲು ನೋಡಿ, ಅದು ಹಿಡಿಯದೆ, ಕಂಕುಳಲ್ಲಿ ಇಟ್ಟುಕೊಂಡ. "ಸರಿ ಬಿಡು, ಏನೋ ಮಿಸ್ಟೇಕ್ ಆಗಿದೆ. ಮನಸ್ಸಿಗೆ ಹಚ್ಕೋಬೇಡ," ಅಂದು ಹೊರಟೇಬಿಟ್ಟ. ಮೂವರೂ ಬೀದಿಯ ಉದ್ದಕ್ಕೂ ಬಾಯಿ ಹೊಲಿದುಕೊಂಡವರ ಹಾಗೆ ನಡೆದುಹೋದರು. ಬರುವಾಗ ಬಡಗಿ ಕಂಡಕಂಡವರನ್ನು ನಿಲ್ಲಿಸಿ, ಕಳವಾದ ಮಿಷನ್ನು ಈ ಬೀದಿಯಲ್ಲೇ ತೋರಿಸುತ್ತಿದೆ, ಆ ಸೀಲಿಂಗಿನವಳ ಮನೆ ಯಾವುದು ಅಂತ ಗಟ್ಟಿಯಾಗಿ ಕೇಳಿಕೊಂಡು ಬಂದಿದ್ದ. ಹೋಗುವಾಗ ಯಾರಿಗೂ ಏನೂ ಹೇಳಲಿಲ್ಲ.

ಅವಳು ಬಕೆಟ್ಟು ತಂದು ಮತ್ತೆ ನೆಲ ಒರೆಸತೊಡಗಿದಳು. ಅತ್ತೆ ಬಂದು ಕದ ಮುಂದಕ್ಕೆ ಹಾಕಿ, ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಮೆಲ್ಲಗೆ ಕೇಳಿದಳು. "ನಿಜ ಹೇಳಮ್ಮ. ಏನೂ ಇಲ್ಲ ತಾನೆ?"

ಬೂಟುಗಾಲಿನವರು ಮಾಡಿದ್ದು ಒಂದು ತೂಕ, ಈ ಪಿಸುಮಾತು ಒಂದು ತೂಕ. ಹೊರಗಿನವರಾದರೆ ಹೊರಗಿನವರು. ಮದುವೆಯಾಗಿ ಬಂದಾಗಿನಿಂದ ಒಂದೇ ಪಾತ್ರೆಯಲ್ಲಿ ಉಂಡವಳು, ಜ್ವರ ಬಂದರೆ ತಲೆಗೆ ಒದ್ದೆಬಟ್ಟೆ ಹಾಕಿದವಳು ಕೇಳುವ ಮಾತೇ ಇದು? ಸೀಲಿಂಗಕ್ಕ ಒರೆಸುವ ಬಟ್ಟೆಯನ್ನು ಹಿಂಡಿದ ರಭಸಕ್ಕೆ ಅದು ಹರಿಯಿತು. "ಇಲ್ಲ ಅತ್ತೆ," ಅಂದಳು.

ಸೋಮವಾರ ಸೂಪರ್‌ವೈಸರ್ ಬೀಗದ ಕೈ ಕೇಳಿದ. "ನಿಮ್ಮ ಮೇಲೆ ಅನುಮಾನ ಅಂತಲ್ಲ ಅಕ್ಕ. ನಾಲ್ಕು ಜನ ನಾಲ್ಕು ಥರ ಮಾತಾಡ್ತಾರೆ. ಸ್ವಲ್ಪ ದಿನ ನನ್ನ ಹತ್ರ ಇರ್ಲಿ." ಅನುಮಾನ ಇಲ್ಲದಿದ್ದರೆ ಕೈ ಯಾಕೆ ಕೇಳಬೇಕು, ಅನುಮಾನ ಇದ್ದರೆ ಮುಖಕ್ಕೆ ಹೇಳಬೇಕು. ಎರಡೂ ಇಲ್ಲದ ಈ ಎಡಬಿಡಂಗಿ ಮರ್ಯಾದೆಗೆ ಅವಳು ಬೀಗದ ಕೈಯನ್ನು ಅವನ ಟೇಬಲ್ಲಿನ ಮೇಲೆ ಎಸೆದಳು. ಅದು ಜಾರಿ ಟೀ ಲೋಟದೊಳಗೆ ಬಿತ್ತು. ಬೇಕಂತಲೇ ಹಾಕಿದ್ದಲ್ಲ, ಬಿದ್ದದ್ದಕ್ಕೆ ಬೇಸರವನ್ನೂ ಪಡಲಿಲ್ಲ.

ಸೈಟಿನ ಜನ ರಾತ್ರೋರಾತ್ರಿ ಬುದ್ಧಿವಂತರಾಗಿದ್ದರು. ಒಬ್ಬ ಮಿಷನ್ನಿಗೆ ಸರಪಳಿ ಹಾಕಿ ಕಂಬಕ್ಕೆ ಬಿಗಿದು, ಸರಪಳಿ ಎಟುಕುವಷ್ಟು ದೂರ ಮಾತ್ರ ಕೆಲಸ ಮಾಡುತ್ತಿದ್ದ. ಇನ್ನೊಬ್ಬ ಊಟಕ್ಕೆ ಕೂತಾಗಲೂ ಡ್ರಿಲ್ಲನ್ನು ತೊಡೆಯ ಮೇಲೆ ಮಗುವಿನ ಹಾಗೆ ಮಲಗಿಸಿಕೊಳ್ಳುತ್ತಿದ್ದ. ಯಾರೂ ಯಾರಿಗೂ ಬ್ಯಾಟರಿ ಕೊಡುತ್ತಿರಲಿಲ್ಲ, ಮಧ್ಯಾಹ್ನದ ಹೊತ್ತಿಗೆ ಅರ್ಧ ಜನ ಖಾಲಿ ಕೈಯಲ್ಲಿ ಕೂತಿರುತ್ತಿದ್ದರು. ಇದನ್ನೆಲ್ಲ ನೋಡಿ ನಗಬಹುದಿತ್ತು. ಆದರೆ ಅವಳು ಏಣಿ ಇಳಿದು ಆ ಕಡೆ ಬಂದರೆ ಎಲ್ಲರ ಕೈಯೂ ತಂತಮ್ಮ ಚೀಲದ ಮೇಲೆ ಹೋಗುತ್ತಿತ್ತು. ಬೀದಿಯಲ್ಲೂ ಅದೇ. ಬಾಗಿಲು ತೆರೆದಿಟ್ಟು ನಲ್ಲಿಗೆ ಹೋಗುತ್ತಿದ್ದ ಪಕ್ಕದ ಮನೆಯಾಕೆ ಈಗ ಚಿಲಕ ಹಾಕಿ ಹೋಗುತ್ತಿದ್ದಳು. ಚಿಲಕ ಹಾಕುವಾಗ ಇವಳನ್ನು ನೋಡಿ ನಗು ಬೇರೆ.

ಬಡಗಿ ಠಾಣೆಗೆ ಹೋಗಿ ಬಂದಿದ್ದ. ಮಿಷನ್ನಿನ ನಂಬರ್ ಏನು ಅಂತ ಕೇಳಿದರಂತೆ. ನಂಬರ್ ಇದ್ದ ಡಬ್ಬವನ್ನು ಅವನು ಕೊಂಡ ದಿನವೇ ಬಿಸಾಡಿದ್ದ. ಮಿಷನ್ನಿನ ಮೇಲೆ ಗುರುತು ಏನಾದರೂ ಇದೆಯಾ ಅಂದರೆ, ಅದೂ ಇಲ್ಲ. ಹಾಗಾದರೆ ಇನ್ನು ಮುಂದೆ ಒಳ್ಳೆಯ ಬೀಗ ಹಾಕಿ ಅಂತ ಹೇಳಿ ಕಳಿಸಿದರಂತೆ. ಅದಕ್ಕೆ ಅವನು ಊರೆಲ್ಲ ಬೈದುಕೊಂಡು ತಿರುಗುತ್ತಿದ್ದ. ಅವನನ್ನು ನೋಡಿದರೆ ಅನ್ಯಾಯವಾದದ್ದು ಅವನೊಬ್ಬನಿಗೇ ಅನ್ನಬೇಕು.

ಗುರುತು ಇದ್ದದ್ದು ಅವಳ ಬ್ಯಾಟರಿಗೆ. ಹೆಸರು ಬರೆದರೆ ಉಜ್ಜಿಹೋಗುತ್ತದೆ, ಅಕ್ಷರ ಕೊರೆದರೆ ಅದೇ ಅಕ್ಷರ ಇನ್ನೊಬ್ಬರದೂ ಆಗಬಹುದು ಅಂತ, ಬೆಸುಗೆ ಹಾಕುವ ಬಿಸಿ ಕಡ್ಡಿಯಿಂದ ತನ್ನ ಒಂದೊಂದು ಸಾಮಾನಿನ ತಳಕ್ಕೂ ನವಿಲು ಬರೆಯಲು ಹೋಗಿದ್ದಳು. ಆದದ್ದು ಕೋಳಿ. ಮೊದಲನೆಯದರಲ್ಲಿ ಕೈ ಜಾರಿ ಅದಕ್ಕೆ ಮೂರನೇ ಕಾಲೂ ಬಂತು. ಒಂದಕ್ಕೆ ಬಂದ ಮೇಲೆ ಎಲ್ಲಕ್ಕೂ ಇರಲಿ ಅಂತ ಮೂರೇ ಕಾಲು ಬರೆದಳು. ಅಂಥ ಕೋಳಿ ಲೋಕದಲ್ಲಿ ಇನ್ನೆಲ್ಲೂ ಇರಲಾರದು. ಬಡಗಿಯ ಡ್ರಿಲ್ಲಿನ ಜೊತೆ ಕಳವಾಗಿ ಹೋಗಿದ್ದು ಆ ಕೋಳಿ.

ಸೈಟಿಗೂ ಮನೆಗೂ ಮಧ್ಯೆ ಹಳೇ ಸಾಮಾನಿನ ಸಂತೆ. ಕೆಲಸ ಮುಗಿಸಿ ದಿನವೂ ಅಲ್ಲಿಗೆ ಹೋಗತೊಡಗಿದಳು. ಗೋಡೆಯಿಂದ ಗೋಡೆಗೆ ಅಂಗಡಿಗಳು. ಕೆಟ್ಟ ಪಂಪು, ಒಡೆದ ಫ್ಯಾನು, ತುಕ್ಕು ಹಿಡಿದ ಸ್ಪ್ಯಾನರುಗಳ ನಡುವೆ ಹೊಚ್ಚಹೊಸ ಡ್ರಿಲ್ಲುಗಳು ಹಲ್ಲು ಕಿರಿದುಕೊಂಡು ಕೂತಿರುತ್ತಿದ್ದವು. ಇವೆಲ್ಲ ಎಲ್ಲಿಂದ ಬಂದವು ಅಂತ ಮಾರುವವನೂ ಕೇಳುವುದಿಲ್ಲ, ಕೊಳ್ಳುವವನೂ ಕೇಳುವುದಿಲ್ಲ. ಇಡೀ ಸಂತೆಗೆ ಗೊತ್ತಿರುವುದನ್ನು ಯಾರೂ ಬಾಯಿ ಬಿಡುವುದಿಲ್ಲ. ಒಂದೊಂದು ಬ್ಯಾಟರಿಯನ್ನೂ ಎತ್ತಿ, ತಳ ತಿರುಗಿಸಿ ನೋಡಿ, ಇಡುತ್ತಾ ಹೋದಳು. ದಿನವಿಡೀ ಮೇಲೆತ್ತಿದ ಕತ್ತು ಸಂಜೆ ಬಗ್ಗಿಸಿದರೆ ಸುತ್ತಿಗೆಯಲ್ಲಿ ಹೊಡೆದ ಹಾಗೆ ನೋಯುತ್ತಿತ್ತು. ಬಡಗಿಯ ಮಿಷನ್ನು ಸಿಗಲಿ ಅನ್ನುವ ಕರುಣೆ ಅವಳಲ್ಲಿ ಎಳ್ಳಷ್ಟೂ ಇರಲಿಲ್ಲ. ಅದು ಸಿಗದಿದ್ದರೆ ತನ್ನ ಹೆಸರು ಸಿಗುವುದಿಲ್ಲ ಅನ್ನುವುದಷ್ಟೇ ತಲೆಯಲ್ಲಿತ್ತು.

ಮುಂದಿನ ಭಾನುವಾರ ಬೆಳಿಗ್ಗೆ, ಸಂತೆಯ ಕೊನೆಯ ಸಾಲಿನಲ್ಲಿ, ಒಂದು ಡ್ರಿಲ್ಲಿನ ಬುಡದಿಂದ ಮೂರು ಕಾಲಿನ ಕೋಳಿ ಅವಳನ್ನು ನೋಡಿತು.

ಅವಳು ಕೂಗಾಡಲಿಲ್ಲ. ಡ್ರಿಲ್ಲನ್ನು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ ಸೂಪರ್‌ವೈಸರಿಗೆ ಫೋನು ಮಾಡಿದಳು. "ಅವನನ್ನ ಕರ್ಕೊಂಡು ಬನ್ನಿ. ಮೇಸ್ತ್ರೀನೂ ಬರ್ಲಿ. ಅವತ್ತು ಯಾರ್ಯಾರು ಬಂದಿದ್ರೋ ಎಲ್ಲಾರೂ."

ಬಂದರು. ಅವಳು ಚೀಲದಿಂದ ತನ್ನ ಸ್ಕ್ರೂ ಮಿಷನ್ನು ತೆಗೆದು, ಅದರ ಕೋಳಿಯನ್ನೂ ಇದರ ಕೋಳಿಯನ್ನೂ ಪಕ್ಕಪಕ್ಕ ಇಟ್ಟಳು. ಅಂಗಡಿಯವನು ಮೊದಲು ಜೋರು ಮಾಡಿದ. ಸೂಪರ್‌ವೈಸರ್ ಪೊಲೀಸರಿಗೆ ಫೋನು ಹಚ್ಚಲು ಹೋದದ್ದೇ ಮೆತ್ತಗಾದ. ಯಾರೋ ಒಬ್ಬ ಗೋಣಿಚೀಲದಲ್ಲಿ ತಂದು ಹಾಕಿ ಹೋದನಂತೆ, ಮುಖ ನೆನಪಿಲ್ಲವಂತೆ. ಆದರೆ ಗೋಣಿಚೀಲ ಎಲ್ಲಿದೆ ಅಂತ ನೆನಪಿತ್ತು. ಟೇಬಲ್ಲಿನ ಕೆಳಗಿನಿಂದ ಎಳೆದು ಕೊಟ್ಟ. ಗರಗಸದ ಮಿಷನ್ನು, ಉಜ್ಜುವ ಮಿಷನ್ನು, ಎಲ್ಲವೂ ಅದರಲ್ಲೇ ಇದ್ದವು.

ಬಡಗಿ ಒಂದೊಂದನ್ನೂ ಎತ್ತಿ ಎದೆಗೆ ಅವುಚಿಕೊಂಡ. ಕಣ್ಣಲ್ಲಿ ನೀರೇ ಬಂತು. ಕಣ್ಣೊರೆಸಿಕೊಂಡು, ಅವಳ ಕಡೆ ನೋಡಿ, ಹುಬ್ಬು ಗಂಟಿಕ್ಕಿ ಕೇಳಿದ. "ಅದು ಸರಿ. ಇಷ್ಟು ದೊಡ್ಡ ಸಂತೇಲಿ ಇದೇ ಅಂಗಡೀಲಿ ಇದೆ ಅಂತ ನಿನಗೆ ಹೆಂಗೆ ಗೊತ್ತಾಯ್ತು?"

ಮೇಸ್ತ್ರಿ ತಲೆ ತಗ್ಗಿಸಿದ. ಸೂಪರ್‌ವೈಸರ್ ತಗ್ಗಿಸಲಿಲ್ಲ. ಅವನೂ ಉತ್ತರಕ್ಕೆ ಕಾಯುತ್ತಿದ್ದ.

ಸೀಲಿಂಗಕ್ಕನಿಗೆ ಕಿವಿಯಲ್ಲಿ ಗುಂಯ್ ಅಂದಿತು. ಕದ್ದರೂ ಕಳ್ಳಿ, ಹುಡುಕಿ ಕೊಟ್ಟರೂ ಕಳ್ಳಿ! ಅವಳು ಉತ್ತರ ಕೊಡುವ ಮೊದಲೇ ಅಂಗಡಿಯವನು ಬಾಯಿ ಹಾಕಿದ.

"ಈಯಮ್ಮನಾ? ದಿನಾ ಬರ್ತಾಳಲ್ಲ ಸಾರ್. ಪ್ರತಿಯೊಂದು ಅಂಗಡೀಲೂ ಬ್ಯಾಟರಿ ಎತ್ತಿ ಎತ್ತಿ ತಳ ನೋಡ್ತಾಳೆ, ಏನೂ ತಗೊಳ್ದೆ ಹೋಗ್ತಾಳೆ. ನಾವೆಲ್ಲ ಮಾತಾಡ್ಕೊಂಡಿದ್ವಿ, ಇವಳ ಮೇಲೆ ಒಂದು ಕಣ್ಣಿಡಿ, ಕಳ್ಳಿ ಇದ್ದಂಗೆ ಇದಾಳೆ ಅಂತ."

ಕದ್ದ ಮಾಲು ಮಾರುವವನೂ ತನ್ನ ಮೇಲೆ ಕಣ್ಣಿಟ್ಟಿದ್ದನೇ! ಅವಳಿಗೆ ಒಂದು ಕ್ಷಣ ನಗು ಬಂತು. ಆ ನಗು ಮುಗಿಯುವ ಹೊತ್ತಿಗೆ ಬಡಗಿಗೆ ಅನ್ನುತ್ತಿದ್ದ 'ಅಣ್ಣ', 'ನೀವು' ಎರಡೂ ಮುಗಿದಿದ್ದವು.

"ಕೇಳಿಸ್ಕೊಂಡ್ಯಾ? ದಿನಾ ಬಂದಿದೀನಿ. ನಿನ್ನ ಮಿಷನ್ನಿಗೋಸ್ಕರ ಅಲ್ಲ. ನೀನು ನಮ್ಮ ಬೀದೀಲಿ ನನ್ನ ಮುಖಕ್ಕೆ ಬಳಿದು ಹೋದೆಯಲ್ಲ, ಅದನ್ನ ಒರೆಸ್ಕೊಳ್ಳೋಕೆ. ನೀನು ಒಂದು ದಿನಾನಾದ್ರೂ ಬಂದ್ಯಾ ಇಲ್ಲಿಗೆ? ಮೊಬೈಲ್ ಒತ್ಕೊಂಡು ಕೂತಿದ್ದೆ. ನಡಿ, ವ್ಯಾನ್ ತೆಗಿ."

"ಎಲ್ಲಿಗೆ?"

"ನಮ್ಮ ಬೀದಿಗೆ. ಅಲ್ಲಿ ಹೇಳಿದ್ದನ್ನ ಅಲ್ಲೇ ವಾಪಸ್ ತಗೋ."

"ತಂಗೀ, ಇವತ್ತೇ ಯಾಕೆ, ಇನ್ನೊಂದಿನ..."

"ತಂಗಿ ಅನ್ಬೇಡ."

ಗೋಣಿಚೀಲವನ್ನು ಅವನ ಕೈಯಿಂದ ಕಿತ್ತುಕೊಂಡು, ವ್ಯಾನಿನ ಮುಂದಿನ ಸೀಟಿನಲ್ಲಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತುಬಿಟ್ಟಳು. ಮಿಷನ್ನು ಅವಳ ಹತ್ತಿರ, ಬಡಗಿಗೆ ಬೇರೆ ದಾರಿ ಇರಲಿಲ್ಲ. ಉಳಿದ ಇಬ್ಬರೂ ಹಿಂದೆ ಹತ್ತಿದರು.

ಬೀದಿಯಲ್ಲಿ ಭಾನುವಾರದ ಜನ ಇದ್ದರು. ನಲ್ಲಿಯ ಹತ್ತಿರ ಬಿಂದಿಗೆಗಳು, ಕಟ್ಟೆಯ ಮೇಲೆ ಮಾತುಗಾರರು. ವ್ಯಾನಿನಿಂದ ಇಳಿದ ಬಡಗಿ ನೆಲ ನೋಡುತ್ತಾ ಏನೋ ಗೊಣಗಿದ.

"ಅವತ್ತು ನನ್ನ ಮನೆ ಕೇಳ್ಕೊಂಡು ಬಂದಾಗ ಇಷ್ಟು ಸಣ್ಣಗೆ ಕೇಳಿದ್ಯಾ?" ಅಂದಳು.

ಅವನು ಉಗುಳು ನುಂಗಿ, ತಲೆಯೆತ್ತಿ, ಗಟ್ಟಿಯಾಗಿ ಹೇಳಿದ. ಮಿಷನ್ನು ಕದ್ದವರು ಬೇರೆ ಯಾರೋ. ಇವಳ ಮನೆಯಲ್ಲಿ ಸಿಕ್ಕ ಬ್ಯಾಟರಿ ತಾನೇ ಕೈಯಾರೆ ಕೊಟ್ಟದ್ದು. ಕಳವಾದದ್ದನ್ನು ಹುಡುಕಿ ಕೊಟ್ಟವಳೂ ಇವಳೇ. ತನ್ನಿಂದ ದೊಡ್ಡ ತಪ್ಪಾಯಿತು. ಪಕ್ಕದ ಮನೆಯಾಕೆ ಬಿಂದಿಗೆ ತುಂಬಿ ಹರಿಯುತ್ತಿದ್ದರೂ ನಲ್ಲಿ ನಿಲ್ಲಿಸದೆ ಕೇಳಿಸಿಕೊಂಡಳು. ಸೀಲಿಂಗಕ್ಕ ಗೋಣಿಚೀಲವನ್ನು ಅವನ ಕೈಗೆ ಕೊಟ್ಟಳು. ತನ್ನ ಬ್ಯಾಟರಿಯನ್ನು ಕಳಚಿ ಇಟ್ಟುಕೊಂಡಳು.

ಅಷ್ಟರಲ್ಲಿ ಅತ್ತೆ ಹೊಸಲು ದಾಟಿ ಹೊರಗೆ ಬಂದಿದ್ದಳು. ಸೊಸೆಯ ಭುಜದ ಮೇಲೆ ಕೈ ಹಾಕಿ, ಇಡೀ ಬೀದಿಗೆ ಕೇಳುವ ಹಾಗೆ ಅಂದಳು. "ನನಗೆ ಮೊದಲೇ ಗೊತ್ತಿತ್ತು! ನನ್ನ ಸೊಸೆ ಅಂಥೋಳಲ್ಲ ಅಂತ ಅವತ್ತೇ ಹೇಳ್ದೆ. ಹೇಳಿದ್ನೋ ಇಲ್ವೋ?"

ಸೀಲಿಂಗಕ್ಕ ಆ ಕೈಯನ್ನು ಭುಜದಿಂದ ತೆಗೆದಳು. ಸುಮ್ಮನಿರಬಹುದಿತ್ತು. ಬೀದಿಯ ಮುಂದೆ ಎಲ್ಲ ಸರಿಹೋಗಿತ್ತು, ಒಳಗೆ ಹೋಗಿ ನೀರು ಕುಡಿಯಬಹುದಿತ್ತು. ಆದರೆ ವಾರವಿಡೀ ಅವಳನ್ನು ಸಂತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಓಡಿಸಿದ್ದು ಬಡಗಿಯ ಕೂಗಲ್ಲ, ಕದ ಮುಂದಕ್ಕೆ ಹಾಕಿ ಕೇಳಿದ ಆ ಪಿಸುಮಾತು ಅನ್ನುವುದು ಅವಳಿಗೇ ಆಗ ಹೊಳೆಯಿತು.

"ನೀವೂ ಹೇಳಿ ಅತ್ತೆ."

"ಏನಮ್ಮಾ?"

"ಅವನು ಈಗ ಹೇಳಿದ್ನಲ್ಲ, ಅದು."

ಅತ್ತೆ ಬೀದಿಯನ್ನು ನೋಡಿದಳು, ಬಡಗಿಯನ್ನು ನೋಡಿದಳು. ಮುಖ ಕೆಂಪಾಯಿತು. ಎಲ್ಲರ ಮುಂದೆ ಹಿರಿಯಳ ಮಾನ ಕಳೆಯುತ್ತೀಯಾ ಅಂತ ರೇಗುತ್ತಾಳೆ ಅಂತಲೇ ಎಲ್ಲರೂ ಅಂದುಕೊಂಡರು. ರೇಗಲಿಲ್ಲ. ಸೊಸೆಯ ಕಡೆ ತಿರುಗಿದಳು.

"ನೀನು ಕೆಲಸಕ್ಕೆ ಹೋದ್ಮೇಲೆ ನಿನ್ನ ಬೀರು ತೆಗೆದು ನೋಡ್ದೆ ಕಣಮ್ಮ. ಅಟ್ಟಾನೂ ನೋಡ್ದೆ. ಹಾಸಿಗೆ ಬಿಚ್ಚಿ ಒಳಗೂ ನೋಡಿ ಮತ್ತೆ ಹೊಲಿಗೆ ಹಾಕಿದೀನಿ. ತಪ್ಪಾಯ್ತು."

ವಾರವೆಲ್ಲ ಅವಳು ಮಲಗಿದ್ದು ಆ ಹಾಸಿಗೆಯ ಮೇಲೆಯೇ. ಅವಳು ಅತ್ತೆಯನ್ನು ದಾಟಿ ಒಳಗೆ ಹೋಗಿ, ಹಾಸಿಗೆಯನ್ನು ಮಗುಚಿ ಹಾಕಿ, ಬೇರೆ ಬಣ್ಣದ ದಾರದಲ್ಲಿ ಹಾಕಿದ್ದ ಆ ಹೊಲಿಗೆಯನ್ನು ಕಂಡಳು. ಅಂಚಿನ ಉದ್ದಕ್ಕೂ ಒತ್ತೊತ್ತಾಗಿ, ತುಂಬಾ ಎಚ್ಚರಿಕೆಯಿಂದ ಹಾಕಿದ ಹೊಲಿಗೆ. ಅದನ್ನು ಉಗುರಿನಿಂದಲೇ ಕೀಳುತ್ತಾ ಅವಳು ಅಲ್ಲೇ ಕೂತಳು. ಬಾಗಿಲಲ್ಲಿ ಅತ್ತೆ ನಿಂತೇ ಇದ್ದಳು, ಒಳಗೆ ಬನ್ನಿ ಅಂತ ಸೀಲಿಂಗಕ್ಕ ಕರೆಯಲಿಲ್ಲ.